ಬೆಟ್ಟಕ್ಕೆ ಬೆದರಿದ ಕೋಟೆಗಳು



ಈ ಉಪನ್ಯಾಸವನ್ನು ನಡೆಸುವ ದತ್ತಿಯ ನಿಬಂಧನೆಯಂತೆ ಇದು ದೇಶಾಟನಕ್ಕೆ ಸಂಬಂಧಿಸಿದುದಾಗಿರತಕ್ಕದ್ದು. ದೇಶಾಟನವೆಂದರೆ ನೋಡಿದ ಊರುಗಳ ಪಟ್ಟಿಯನ್ನು ಸಭೆಗೆ ಒಪ್ಪಿಸುವುದೆಂದು ನಾನು ಭಾವಿಸಿಲ್ಲವಾದುದರಿಂದ, ಒಂದೇ ಒಂದು ಪ್ರದೇಶವನ್ನು, ಅದರಲ್ಲಿಯೂ ಭೂಪಟದ ಮೇಲೆ ಹೆಬ್ಬೆರಳನ್ನಿಟ್ಟರೆ ಮರೆಯಾಗಿಬಿಡುವಷ್ಟು ಕಿರಿದಾದ ಪ್ರದೇಶವನ್ನು, ಆರಿಸಿಕೊಂಡಿದ್ದೇನೆ. ಅದು ಬ್ರಿಟನ್ ದ್ವೀಪದ ಪಶ್ಚಿಮಪಾರ್ಶ್ವದಲ್ಲಿರುವ ವೇಲ್ಸ್ ದೇಶದ ಉತ್ತರಭಾಗ. ಇಂಗ್ಲಿಷರು ಸ್ನೋಡೋನಿಯ ಎಂದೂ ಅಲ್ಲಿಯ ಜನರು ತಮ್ಮ ನುಡಿಯಲ್ಲಿ ಎರರಿ ಎಂದೂ ಕರೆಯುವ ಗಿರಿಸೀಮೆ. ವೇಲ್ಸಿನ ಒಟ್ಟು ವಿಸ್ತೀರ್ಣವು ಸುಮಾರು 8,000 ಚದರ ಮೈಲಿ ಮಾತ್ರ. ಅಷ್ಟರೊಳಗೆ ಒಂದು ಕಾಲಕ್ಕೆ ಇದ್ದ ಕೋಟೆಗಳ ಸಂಖ್ಯೆ 600ರ ಆಸುಪಾಸು ಎಂದು ಗಣಿಸಿದ್ದಾರೆ. ಅವುಗಳಲ್ಲಿ ನೂರಕ್ಕೂ ಹೆಚ್ಚು ಕೋಟೆಗಳು, ಕೆಲವು ಇಡಿಯಾಗಿ, ಹಲವು ಮುರಿದು, ಇಂದಿಗೂ ನಿಂತಿವೆ.

ಈ ಸೀಮೆಗೆ ಹೋಗುವ ಪ್ರವಾಸಿಗಳಲ್ಲಿ ಎರಡು ಪಂಗಡಗಳುಂಟು. ಒಂದು ಪಂಗಡದವರು ಸಮುದ್ರತೀರದ ಹೆದ್ದಾರಿಯಲ್ಲಿ ಮೋಟಾರು ವಾಹನದಲ್ಲಿ ಸಾಗಿ, ಬೆಳಗ್ಗೆ ಕಾನ್ವಿ ಕೋಟೆಯನ್ನೂ ಮಧ್ಯಾಹ್ನ ಕಾರ್ನಾರ್ವನ್ ಕೋಟೆಯನ್ನೂ ನೋಡಿ, ಬುರುಜುಗಳ ಮುಂದೆ ನಿಂತು ಚಿತ್ರ ತೆಗೆಸಿಕೊಂಡು, ಸಂಜೆಗೆ ಹಿಂದಿರುಗುವರು. ಮತ್ತೊಂದು ಪಂಗಡದವರು ಬೆನ್ನಿಗೆ ಚೀಲವನ್ನೇರಿಸಿ, ಹಗ್ಗಕೊಕ್ಕೆಗಳನ್ನು ಹೊತ್ತು, ನೇರವಾಗಿ ಬಂಡೆಗಳ ಕಡೆಗೆ ನಡೆದುಬಿಡುವರು; ಕೋಟೆಗಳೆಂದರೆ ಮುದುಕರ ಪಾಲಿನವೆಂದು ಅವರ ಎಣಿಕೆ. ಇಬ್ಬರಿಗೂ ದೊರಕುವುದು ಅರ್ಧದರ್ಶನವೇ ಎಂಬುದು ನನ್ನ ಅಭಿಪ್ರಾಯ. ಏಕೆಂದರೆ ಆ ತೀರದ ಮಹಾದುರ್ಗಗಳು ಬೆಟ್ಟಕ್ಕೆ ಬೆದರಿ ಕಟ್ಟಿದವು. ಆ ಬೆದರಿಕೆಯ ಅಳತೆಯು ತಿಳಿಯಬೇಕಾದರೆ ಮೊದಲು ಬೆಟ್ಟವನ್ನು ಹತ್ತಿ, ಆಮೇಲೆ ಕೋಟೆಯ ಬಾಗಿಲಿಗೆ ಇಳಿದು ಬರಬೇಕು.

ಕನ್ನಡಿಗನಿಗೆ ಇದು ಒಡನೆಯೇ ಮನಸ್ಸಿಗೆ ಹತ್ತುವ ಮಾತಲ್ಲ. ಕೌಟಿಲ್ಯನು ದುರ್ಗಗಳನ್ನು ಔದಕ, ಪಾರ್ವತ, ಧಾನ್ವನ, ವನದುರ್ಗಗಳೆಂದು ನಾಲ್ಕು ಬಗೆಯಾಗಿ ವಿಂಗಡಿಸಿದ್ದಾನಷ್ಟೆ. ಚಿತ್ರದುರ್ಗ, ಮಧುಗಿರಿ, ಸಾವನದುರ್ಗ, ಕವಲೇದುರ್ಗಗಳನ್ನು ಕಂಡು ಬೆಳೆದ ನಮಗೆ ಪಾರ್ವತದುರ್ಗವೇ ದುರ್ಗವೆಂಬ ಸಂಸ್ಕಾರವು ಬಲವಾಗಿ ಬೇರೂರಿದೆ. ನಮ್ಮಲ್ಲಿ ಬೆಟ್ಟವೇ ಕೋಟೆ. ಬಂಡೆಯು ಬಿಟ್ಟ ಸಂದುಗಳನ್ನು ತುಂಬುವುದಷ್ಟೇ ಗೋಡೆಯ ಕೆಲಸ. ಉತ್ತರ ವೇಲ್ಸಿನಲ್ಲಾದರೋ ಬೆಟ್ಟ ಒಬ್ಬನದು, ಕೋಟೆ ಮತ್ತೊಬ್ಬನದು. ಬೆಟ್ಟವನ್ನು ಆಳುತ್ತಿದ್ದವರು ಗ್ವಿನೆದ್ ವಂಶದ ಅರಸರು. ಕೋಟೆಗಳನ್ನು ಕಟ್ಟಿದವನು ಅವರನ್ನು ಗೆಲ್ಲಲೆಂದು ಬಂದ ಇಂಗ್ಲೆಂಡಿನ ಅರಸನಾದ 1ನೆಯ ಎಡ್ವರ್ಡ್.

ಸೀಮೆಯ ಅತ್ಯುನ್ನತ ಶಿಖರವಾದ ಸ್ನೋಡನ್, ಅಲ್ಲಿಯವರ ಮಾತಿನಲ್ಲಿ ಅರ್ ವಿದ್ವ, ಸಮುದ್ರಮಟ್ಟದಿಂದ 3,560 ಅಡಿ ಎತ್ತರ. ಈ ಅಂಕಿಯನ್ನು ಕೇಳಿ ನಮ್ಮ ಮುಳ್ಳಯ್ಯನಗಿರಿಯ ಮುಂದೆ ಇದೇನು ಮಹಾ ಎಂದು ಸಭಿಕರಲ್ಲಿ ಕೆಲವರು ನಗುತ್ತಿರಬಹುದು. ಆದರೆ ಬಯಲುಸೀಮೆಯ ಎತ್ತರದ ಮೇಲೆ ನಿಂತ ಬೆಟ್ಟವೂ ಸಮುದ್ರದ ಅಂಚಿನಿಂದಲೇ ಎದ್ದ ಬೆಟ್ಟವೂ ಕಾಲಿಗೆ ಒಂದೇ ಲೆಕ್ಕವಲ್ಲ. ಇಲ್ಲಿ ಆ ಅಡಿಗಳಲ್ಲಿ ಬಹುಪಾಲನ್ನು ನಡೆಯುವವನೇ ತೆರಬೇಕು. ಶಿಖರಕ್ಕೆ ಪ್ರಸಿದ್ಧವಾದ ದಾರಿಗಳು ಆರು. ಲ್ಯಾನ್‌ಬೆರಿಸ್ ಊರಿನಿಂದ ಹೊರಡುವುದು ಉದ್ದವಾದುದೂ ಸುಲಭವಾದುದೂ ಆದ ದಾರಿ. ತಾಮ್ರದ ಗಣಿಯ ಕೆಲಸಗಾರರಿಗಾಗಿ ಮಾಡಿದ ದಾರಿಯೊಂದು ಸರೋವರಗಳ ದಡದಲ್ಲಿ ಮೆಲ್ಲಗೆ ಸಾಗಿ ಕೊನೆಯಲ್ಲಿ ಒಮ್ಮೆಲೇ ಕಡಿದಾಗುವುದು. ದಕ್ಷಿಣದ ವಾಟ್ಕಿನ್ ದಾರಿಯನ್ನು 1892ರಲ್ಲಿ ಉದ್ಘಾಟಿಸಿದವನು ಪ್ರಧಾನಮಂತ್ರಿ ಗ್ಲ್ಯಾಡ್‌ಸ್ಟನ್. ಆಗ ಅವನಿಗೆ 82 ವರ್ಷ. ದಾರಿಯ ಬದಿಯ ಒಂದು ಬಂಡೆಯ ಮೇಲೆ ನಿಂತು, ವೇಲ್ಸಿನ ಜನರಿಗೆ ಸಲ್ಲಬೇಕಾದ ನ್ಯಾಯವನ್ನು ಕುರಿತು ಆ ವೃದ್ಧನು ಭಾಷಣ ಮಾಡಿದನು. ಬಂಡೆಗೆ ಇಂದಿಗೂ ಅವನ ಹೆಸರೇ ಇದೆ.

ಇವೆಲ್ಲವನ್ನೂ ಬಿಟ್ಟು ಕ್ರಿಬ್ ಗೋಖ್ ಎಂಬ ಏಣನ್ನು ಹಿಡಿದು ಹೋಗುವ ಸಾಹಸಿಗಳೂ ಉಂಟು. ಎರಡು ಮಗ್ಗುಲಲ್ಲಿಯೂ ಪ್ರಪಾತವಿದ್ದು, ನಡುವೆ ಮೊನೆಮೊನೆಯಾದ ಕಲ್ಲುಗಳ ಸಾಲಷ್ಟೇ ಇರುವ ಆ ಏಣಿನ ಮೇಲೆ ಕೆಲವೆಡೆ ಕೈಯೂರಿ, ಕೆಲವೆಡೆ ಕುಳಿತು ಜರುಗಿ, ಮುಂದೆ ಸಾಗಬೇಕಾಗುವುದು. ಬ್ರಿಟನ್ನಿನಲ್ಲಿ ಅತ್ಯಧಿಕ ಮಳೆ ಬೀಳುವ ಸ್ಥಳಗಳಲ್ಲಿ ಅದೂ ಒಂದು. ಒದ್ದೆಯಾದ ಕಲ್ಲು, ಅಟ್ಲಾಂಟಿಕ್ ಸಾಗರದಿಂದ ತಡೆಯಿಲ್ಲದೆ ಬರುವ ಗಾಳಿ, ಹತ್ತು ಮಾರು ಮುಂದಿನದು ಕಾಣದಂತೆ ಮುಸುಕುವ ಮೋಡ, ಇವು ಮೂರೂ ಕೂಡಿದ ದಿನ ಅಲ್ಲಿಗೆ ಹೋಗುವುದು ಧೈರ್ಯವೆನಿಸದು, ಅವಿವೇಕವೆನಿಸುವುದು. ಹಾಗೆ ಹೋಗಿ ಸಿಕ್ಕಿಕೊಂಡವರನ್ನು ಇಳಿಸಿ ತರುವ ತಂಡದವರು ಕೂಲಿಯಿಲ್ಲದೆ ದುಡಿಯುವ ಊರಿನ ಸ್ವಯಂಸೇವಕರೆಂಬುದನ್ನು ಹೊರಗಿನಿಂದ ಬಂದ ಸಾಹಸಿಗಳು ನೆನಪಿನಲ್ಲಿಡುವುದು ಒಳಿತು.

ನಡೆಯಲಾರದವರಿಗೆ ರೈಲೂ ಉಂಟು. ಹಲ್ಲುಕಂಬಿಯ ಮೇಲೆ ಉಗಿಯಂತ್ರವು ಗಾಡಿಯನ್ನು ತಳ್ಳಿಕೊಂಡು ಶಿಖರದವರೆಗೆ ಏರುವ ಈ ಮಾರ್ಗವು 1896ರ ಏಪ್ರಿಲ್ 6ರಂದು ಆರಂಭವಾಯಿತು. ಆರಂಭದ ದಿನವೇ ಯಂತ್ರವೊಂದು ಕಂಬಿ ತಪ್ಪಿ ಕೆಳಗುರುಳಿ, ಗಾಡಿಯಿಂದ ಹಾರಿದ ಪ್ರಯಾಣಿಕನೊಬ್ಬನು ಮೃತನಾದುದರಿಂದ ಮುಚ್ಚಿಹೋಗಿ, ಮರುವರ್ಷ ಮತ್ತೆ ತೆರೆಯಿತು. ಬೆವರು ಸುರಿಸಿ ತುದಿಯನ್ನು ಮುಟ್ಟಿದವನು, ಗಾಡಿಯಿಂದ ಇಸ್ತ್ರಿ ಕೆಡದ ಉಡುಪಿನಲ್ಲಿ ಇಳಿಯುವವರನ್ನು ಕಂಡು ಮುಖ ಸಿಂಡರಿಸುವುದು ಅಲ್ಲಿಯ ನಿತ್ಯದೃಶ್ಯ. ನನಗೆ ಆ ಸಿಟ್ಟು ಬರಲಿಲ್ಲ. ಮಂಡಿ ಸವೆದವರಿಗೂ ಬೆಟ್ಟದ ನೆತ್ತಿಯ ಮೇಲೆ ಹಕ್ಕುಂಟು.

ಶಿಖರದ ಮೇಲೆ ಮೋಡವು ಸರಿದಾಗ ಕಾಣುವುದೇನು? ಪ್ರಕೃತಿವರ್ಣನೆಯನ್ನು ಅದರಲ್ಲಿ ನುರಿತವರಿಗೆ ಬಿಡುವೆನು. ನಾನು ಹೇಳಬೇಕಾದುದು ಇಷ್ಟು: ವಾಯವ್ಯಕ್ಕೆ, ಮೆನಾಯ್ ಎಂಬ ಇಕ್ಕಟ್ಟಾದ ಜಲಸಂಧಿಯ ಆಚೆಗೆ, ಆಂಗಲ್ಸಿ ದ್ವೀಪವು ಚಪ್ಪಟೆಯಾಗಿ, ಹಸುರಾಗಿ, ಹೊಲಗದ್ದೆಗಳಿಂದ ತುಂಬಿ ಹರಡಿರುವುದು. ಶಿಖರದ ಸುತ್ತಲಾದರೋ ಕಲ್ಲು, ಜೌಗು, ಕುರಿ ಮೇಯುವ ಬಿರುಸು ಹುಲ್ಲು. ಬೆಟ್ಟವು ಅಡಗುದಾಣವಾಗಬಲ್ಲುದೇ ಹೊರತು ಅನ್ನವನ್ನು ಕೊಡಲಾರದು. ಅನ್ನವು ದ್ವೀಪದಲ್ಲಿ ಬೆಳೆಯುವುದು. ಆಂಗಲ್ಸಿಯನ್ನು ವೇಲ್ಸಿನ ತಾಯಿಯೆಂದು ಆ ಜನರು ಕರೆದುಕೊಂಡು ಬಂದಿರುವುದು ಈ ಕಾರಣದಿಂದಲೇ.

ಎಡ್ವರ್ಡನು ಇದನ್ನು ಅರಿತಿದ್ದನು. 1277ರ ದಂಡಯಾತ್ರೆಯಲ್ಲಿ ಅವನು ಬೆಟ್ಟದ ಕಡೆಗೆ ನುಗ್ಗಲಿಲ್ಲ. ಹಡಗುಗಳನ್ನು ದ್ವೀಪಕ್ಕೆ ಕಳುಹಿಸಿ, ನಿಂತ ಪೈರನ್ನು ತನ್ನವರಿಂದ ಕೊಯ್ಯಿಸಿದನು. ಬೆಟ್ಟದ ಮೇಲಿದ್ದ ಗ್ವಿನೆದ್ ಅರಸ ಲುವೆಲಿನನು ಆ ವರ್ಷದ ನವೆಂಬರ್ ತಿಂಗಳಲ್ಲಿ ಒಪ್ಪಂದಕ್ಕೆ ಇಳಿಯಬೇಕಾಯಿತು. ಐದು ವರ್ಷಗಳ ತರುವಾಯ ಯುದ್ಧವು ಮರುಕಳಿಸಿದಾಗ, ಜಲಸಂಧಿಗೆ ದೋಣಿಗಳ ಸೇತುವೆಯನ್ನು ಕಟ್ಟಿಸಿ ಎರಡು ಕಡೆಯಿಂದಲೂ ಬೆಟ್ಟವನ್ನು ಮುತ್ತುವ ಹಂಚಿಕೆಯನ್ನು ಅವನು ಹೂಡಿದನು. 1282ರ ನವೆಂಬರ್ 6ರಂದು ಅವನ ಸೇನಾನಿಯೊಬ್ಬನು ಕಾಲಕ್ಕೆ ಮುಂಚೆಯೇ ಸೇತುವೆಯನ್ನು ದಾಟಿ, ವೇಲ್ಸಿನ ಪಡೆಯ ಕೈಯಲ್ಲಿ ಸೋತು, ಹಿಂದಕ್ಕೆ ಓಡುವಾಗ ಭಾರವಾದ ಕವಚಗಳೊಡನೆ ಅನೇಕರೊಂದಿಗೆ ನೀರುಪಾಲಾದನು. ಆದರೆ ಅದೇ ಡಿಸೆಂಬರ್ 11ರಂದು ಲುವೆಲಿನನು ತನ್ನ ಬೆಟ್ಟಗಳಿಂದ ದೂರವಾಗಿ, ದಕ್ಷಿಣದ ಕಿಲ್ಮೆರಿಯ ಬಳಿ, ಹತನಾದನು. ಅವನ ತಮ್ಮ ದಾವಿದ್ ಮರುವರ್ಷದ ಬೇಸಗೆಯವರೆಗೆ ಎರರಿಯ ಕಣಿವೆಗಳಲ್ಲಿ ತಲೆಮರೆಸಿಕೊಂಡಿದ್ದು, ಕೊನೆಗೆ ಸೆರೆಯಾಗಿ, ಶ್ರೂಸ್‌ಬರಿಯಲ್ಲಿ ಘೋರವಾದ ಮರಣದಂಡನೆಗೆ ಗುರಿಯಾದನು.

ಶಿಖರದಿಂದ ಇಳಿದು ಬಂದು ಕೋಟೆಗಳನ್ನು ನೋಡಬೇಕಾದುದು ಈಗ. ಕಾನ್ವಿ, ಕಾರ್ನಾರ್ವನ್, ಹಾರ್ಲೆಕ್ ಈ ಮೂರನ್ನೂ ಎಡ್ವರ್ಡನು 1283ರಲ್ಲಿ, ಒಂದೇ ವರ್ಷದಲ್ಲಿ, ಆರಂಭಿಸಿದನು; ದ್ವೀಪದ ಮೇಲಿನ ಬ್ಯೂಮಾರಿಸ್ ಕೋಟೆಯು 1295ರಲ್ಲಿ ಆರಂಭವಾಗಿ ಎಂದಿಗೂ ಪೂರ್ತಿಯಾಗಲಿಲ್ಲ. ಕಾರ್ಯದ ಮುಖ್ಯಸ್ಥಪತಿಯು ಆಲ್ಪ್ಸ್ ಪರ್ವತಗಳ ಸವಾಯ್ ಪ್ರಾಂತದಿಂದ ಬಂದ ಸೇಂಟ್ ಜಾರ್ಜಿನ ಜೇಮ್ಸ್ ಎಂಬ ಶಿಲ್ಪಿ. ಅಗೆಯುವವರನ್ನೂ ಕಲ್ಲುಕುಟಿಗರನ್ನೂ ಇಂಗ್ಲೆಂಡಿನ ಮೂಲೆಮೂಲೆಗಳಿಂದ ಹಿಡಿದು ತಂದರು. ಕಾನ್ವಿಯ ಎಂಟು ಬುರುಜುಗಳ ಕೋಟೆಯೂ ಊರನ್ನು ಬಳಸಿ ಮುಕ್ಕಾಲು ಮೈಲಿಗೂ ಮಿಗಿಲಾಗಿ ಹರಿದ ಗೋಡೆಯೂ ನಾಲ್ಕೈದು ವರ್ಷಗಳಲ್ಲಿ ಮುಗಿದವು; ವೆಚ್ಚ ಸುಮಾರು 15,000 ಪೌಂಡು. ಗೋಡೆಯೊಳಗಿನ ಊರು ಇಂಗ್ಲಿಷ್ ವಲಸಿಗರಿಗೆ ಮೀಸಲಾಗಿದ್ದಿತು. ಅಲ್ಲಿದ್ದ ಮಠವನ್ನು, ಲುವೆಲಿನನ ತಾತನ ಸಮಾಧಿಯಿದ್ದ ಮಠವನ್ನು, ಕಣಿವೆಯ ಮೇಲ್ಭಾಗಕ್ಕೆ ಎತ್ತಂಗಡಿ ಮಾಡಿಸಿದರು.

ಈ ನಾಲ್ಕು ಕೋಟೆಗಳಿಗೂ ಸಾಮಾನ್ಯವಾದ ಒಂದು ಲಕ್ಷಣವುಂಟು: ಪ್ರತಿಯೊಂದಕ್ಕೂ ನೀರಿನ ಕಡೆಗೆ ಬಾಗಿಲಿದೆ. ಬೆಟ್ಟದ ಕಡೆಗೆ ಗೋಡೆ, ಸಮುದ್ರದ ಕಡೆಗೆ ಬಾಗಿಲು. ಇದರ ಅರ್ಥವು ಹಾರ್ಲೆಕ್‌ನಲ್ಲಿ ನಿಂತವನಿಗೆ ಸ್ಪಷ್ಟವಾಗುವಂತೆ ಬೇರೆಲ್ಲಿಯೂ ಆಗದು. ಆದುದರಿಂದ, ಕಾರ್ನಾರ್ವನ್ನಿನ ಬಣ್ಣಬಣ್ಣದ ಕಲ್ಲುಪಟ್ಟಿಗಳನ್ನೂ ಕಾನ್‌ಸ್ಟಾಂಟಿನೋಪಲ್ ನಗರದ ಗೋಡೆಗಳನ್ನು ನೆನಪಿಗೆ ತರುವ ಅದರ ಬಹುಕೋನದ ಬುರುಜುಗಳನ್ನೂ ಎಲ್ಲರೂ ಹೊಗಳುವರಾದರೂ, ನಾಲ್ಕರಲ್ಲಿ ನನ್ನ ಮನಸ್ಸಿಗೆ ಹಿಡಿದುದು ಹಾರ್ಲೆಕ್. ಕಡಿದಾದ ಬಂಡೆಯ ನೆತ್ತಿಯ ಮೇಲೆ ಕೋಟೆ. ಕೋಟೆಯಿಂದ ಬಂಡೆಯನ್ನು ಬಳಸಿ ಕೆಳಗಿನ ಹಡಗುಕಟ್ಟೆಗೆ ಇಳಿಯುತ್ತಿದ್ದ 108 ಮೆಟ್ಟಿಲು. 1294ರಲ್ಲಿ ಮಾದೊಗ್ ಎಂಬ ಅರಸುಮಗನ ನಾಯಕತ್ವದಲ್ಲಿ ಬೆಟ್ಟದ ಜನರು ದಂಗೆಯೆದ್ದು, ಗೋಡೆ ಪೂರೈಸದಿದ್ದ ಕಾರ್ನಾರ್ವನ್ನಿಗೆ ನುಗ್ಗಿ ಸೂರೆಮಾಡಿದಾಗ, ಹಾರ್ಲೆಕ್‌ನಲ್ಲಿದ್ದ ಕಾವಲುಪಡೆಯು 37 ಆಳುಗಳು ಮಾತ್ರ. ನೆಲದ ಕಡೆಯ ದಾರಿಯೆಲ್ಲ ಮುಚ್ಚಿದ್ದಿತು. ಐರ್ಲೆಂಡಿನಿಂದ ಹಡಗಿನಲ್ಲಿ ಬಂದ ಆಹಾರವು ಆ ಮೆಟ್ಟಿಲುಗಳನ್ನು ಹತ್ತಿ ಬಂದುದರಿಂದಲೇ ಅವರು ಬದುಕಿದರು. ಗೆದ್ದವನು ಗೆದ್ದ ನೆಲದಲ್ಲಿ ಸಮುದ್ರದಿಂದ ಉಣಿಸಲ್ಪಟ್ಟು ಬಾಳಬೇಕಾಯಿತು! ಅದೇ ಚಳಿಗಾಲದಲ್ಲಿ ಎಡ್ವರ್ಡನು ತಾನೇ ಕಾನ್ವಿ ಕೋಟೆಯಲ್ಲಿ, ಹೊರಗೆ ಬರಲಾರದೆ, ಕೆಲಕಾಲ ಮುತ್ತಿಗೆಗೆ ಸಿಲುಕಿದ್ದನು.

ಕಾಲಕ್ರಮದಲ್ಲಿ ಸಮುದ್ರವು ಹಿಂದೆ ಸರಿದು, ಇಂದು ಆ ಮೆಟ್ಟಿಲುಗಳ ಬುಡದಲ್ಲಿ ಮರಳುದಿಬ್ಬಗಳೂ ಮನೆಗಳೂ ರೈಲುನಿಲ್ದಾಣವೂ ಇವೆ. ಅಲ್ಲಿಂದ ಹಡಗನ್ನು ಕಲ್ಪಿಸಿಕೊಳ್ಳಲು ಸ್ವಲ್ಪ ಪ್ರಯಾಸವಾಗುವುದು. 1404ರಲ್ಲಿ ಓವೈನ್ ಗ್ಲಿಂಡೂರ್ ಎಂಬ ವೇಲ್ಸಿನ ಮಹಾವೀರನು ಈ ಕೋಟೆಯನ್ನು ಹಿಡಿದು, ಐದು ವರ್ಷ ತನ್ನ ನೆಲೆಯಾಗಿ ಮಾಡಿಕೊಂಡಿದ್ದನು. ಕೋಟೆ ಬಿದ್ದಾಗ ಅವನ ಹೆಂಡತಿ ಮಕ್ಕಳು ಸೆರೆಯಾದರು. ಅವನು ಬೆಟ್ಟಗಳಲ್ಲಿ ಮರೆಯಾದನು, ಯಾರ ಕೈಗೂ ಎಂದಿಗೂ ಸಿಕ್ಕಲಿಲ್ಲ. ಇದಕ್ಕೂ ಮೊದಲು 1401ರಲ್ಲಿ, ಕಾವಲಿನವರೆಲ್ಲ ಶುಭಶುಕ್ರವಾರದ ಪ್ರಾರ್ಥನೆಗೆ ಇಗರ್ಜಿಯಲ್ಲಿ ನೆರೆದಿದ್ದ ಸಮಯ ನೋಡಿ, ಅವನ ನಂಟರು ಕಾನ್ವಿ ಕೋಟೆಯನ್ನು ಉಪಾಯದಿಂದ ಕೈವಶಮಾಡಿಕೊಂಡಿದ್ದರು. ಅಷ್ಟು ಹಣ ಸುರಿದು ಕಟ್ಟಿದ ಗೋಡೆಗೆ ಒಂದು ಪ್ರಾರ್ಥನೆಯ ಹೊತ್ತು ಸಾಕಾಯಿತು.

ಸೋತವರ ಕೋಟೆಗಳೂ ಉಳಿದಿವೆ. ಅವನ್ನು ನೋಡಲು ಹೋಗುವವರು ಕಡಿಮೆ. ಲ್ಯಾನ್‌ಬೆರಿಸ್ ಸರೋವರದ ಮೇಲೆ ಡಾಲ್ಬಡಾರ್ನ್ ಎಂಬ ದುಂಡು ಬುರುಜೊಂದು, ಹದಿಮೂರನೆಯ ಶತಮಾನದ ಆದಿಯಲ್ಲಿ ಆ ತಾತನಾದ ಹಿರಿಯ ಲುವೆಲಿನನು ಕಟ್ಟಿಸಿದುದು, ಕಣಿವೆಯ ಬಾಯನ್ನು ಕಾಯುತ್ತ ನಿಂತಿದೆ. ಚಿತ್ರಕಾರ ಟರ್ನರ್ 1800ರಲ್ಲಿ ಬರೆದ ಇದರ ಚಿತ್ರವು ಪ್ರಖ್ಯಾತವಾದುದು. ಕಾರ್ನಾರ್ವನ್ ಕೋಟೆಯ ಕೆಲಸಕ್ಕೆ ಮರ ಸಾಲದಾದಾಗ ಎಡ್ವರ್ಡನ ಆಳುಗಳು ಇಲ್ಲಿಯ ತೊಲೆಗಳನ್ನು ಕಿತ್ತು ಒಯ್ದರು. ಇನ್ನೊಂದು ಕಣಿವೆಯಲ್ಲಿ ಡಾಲ್ವಿದೆಲನ್ ಕೋಟೆ. 1283ರ ಜನವರಿಯಲ್ಲಿ ಇದನ್ನು ಹಿಡಿದ ಇಂಗ್ಲಿಷ್ ಅರಸನು, ಹಿಮದಲ್ಲಿ ಕಾಣದಂತೆ ತನ್ನ ಕಾವಲುಗಾರರಿಗೆ ಬಿಳಿಯ ಉಡುಪನ್ನು ಹೊಲಿಸಿಕೊಟ್ಟನಂತೆ. ಇವು ಚಿಕ್ಕ ಕೋಟೆಗಳು, ಬಡವರ ಕೋಟೆಗಳು; ನಮ್ಮ ಪಾಳೆಯಗಾರರ ಗುಡ್ಡದ ಕೋಟೆಗಳನ್ನು ಕಂಡವನಿಗೆ ಇಲ್ಲಿ ಯಾವುದೂ ಹೊಸತೆನಿಸದು. ಬೆಟ್ಟದವನು ಬೆಟ್ಟವನ್ನು ನಂಬಿ ಒಂದು ಬುರುಜನ್ನು ಮಾತ್ರ ಎತ್ತಿದನು, ಅಷ್ಟೆ.

ಇದೇ ಬೆಟ್ಟಗಳ ನಡುವೆ, ಎರಡು ಹೊಳೆಗಳು ಕೂಡುವಲ್ಲಿ, ಬೆದ್‌ಗೆಲರ್ಟ್ ಎಂಬ ಸುಂದರವಾದ ಹಳ್ಳಿಯಿದೆ. ಅಲ್ಲಿ ಒಂದು ಗೋರಿ. ಹಿರಿಯ ಲುವೆಲಿನನು ಬೇಟೆಯಿಂದ ಮರಳಿ ಬಂದು, ಮಗುವಿನ ತೊಟ್ಟಿಲು ಮಗುಚಿರುವುದನ್ನೂ ತನ್ನ ಬೇಟೆನಾಯಿಯ ಬಾಯಿ ರಕ್ತಮಯವಾಗಿರುವುದನ್ನೂ ಕಂಡು, ಕೋಪದಿಂದ ನಾಯಿಯನ್ನು ಇರಿದು ಕೊಂದನಂತೆ. ಆಮೇಲೆ ತೊಟ್ಟಿಲ ಕೆಳಗೆ ಮಗುವು ಸುಖವಾಗಿರುವುದೂ, ಮಗ್ಗುಲಲ್ಲಿ ತೋಳವೊಂದು ಸತ್ತು ಬಿದ್ದಿರುವುದೂ ಕಂಡಿತಂತೆ. ಇಷ್ಟು ಕೇಳುವುದರೊಳಗೆ ಸಭಿಕರಲ್ಲಿ ಪ್ರತಿಯೊಬ್ಬರಿಗೂ ಪಂಚತಂತ್ರದ ಮುಂಗುಸಿಯು ನೆನಪಿಗೆ ಬಂದಿರಬೇಕು. ನೆನಪು ಸರಿಯಾದುದೇ; ನಮ್ಮ ಮುಂಗುಸಿಯೇ ದೇಶದೇಶಗಳನ್ನು ತಿರುಗಿ, ಯೂರೋಪಿನಲ್ಲಿ ನಾಯಿಯಾಗಿ, ಕೊನೆಗೆ ಇಲ್ಲಿ ಮಣ್ಣಾಗಿದೆ ಎಂಬುದನ್ನು ಜಾನಪದ ವಿದ್ವಾಂಸರು ಒಪ್ಪಿದ್ದಾರೆ. ಗೋರಿಯನ್ನು ಕಟ್ಟಿಸಿದವನು ಹದಿನೆಂಟನೆಯ ಶತಮಾನದ ಕೊನೆಯ ಭಾಗದಲ್ಲಿದ್ದ ಒಬ್ಬ ವಸತಿಗೃಹದ ಯಜಮಾನನೆಂದು ಪ್ರತೀತಿ, ಗಿರಾಕಿಗಳು ಬರಬೇಕಲ್ಲವೇ? ಆದರೂ ಅಲ್ಲಿಗೆ ಬಂದ ಮಕ್ಕಳು ಅಳುವುದನ್ನು ನಾನು ಕಂಡಿದ್ದೇನೆ. ಪಂಚತಂತ್ರದ ಯಾವ ಪ್ರಾಣಿಗೂ ನಾವು ಗೋರಿ ಕಟ್ಟಲಿಲ್ಲವೆಂದು ನನಗೆ ಒಂದು ಕ್ಷಣ ನಾಚಿಕೆಯಾಯಿತು.

ಇನ್ನು ಬಂಡೆಯೇರುವ ಸಾಹಸದ ಮಾತು. ಬ್ರಿಟನ್ನಿನಲ್ಲಿ ಬರೆಹದಲ್ಲಿ ದಾಖಲಾದ ಮೊದಲನೆಯ ಬಂಡೆಯೇರಾಟವು ಸ್ನೋಡನ್ನಿನ ಕರಿಬಂಡೆಯೊಂದರ ಮೇಲೆ 1798ರಲ್ಲಿ ನಡೆಯಿತು. ಏರಿದವರು ಬಿಂಗ್ಲಿ, ವಿಲಿಯಮ್ಸ್ ಎಂಬ ಇಬ್ಬರು ಪಾದ್ರಿಗಳು. ಉದ್ದೇಶ ಸಾಹಸವಲ್ಲ, ಅಪೂರ್ವವಾದ ಗಿಡಗಳನ್ನು ಹುಡುಕುವುದು. ಮೊಳೆಯ ಬೂಟುಗಳನ್ನು ತೊಟ್ಟಿದ್ದ ವಿಲಿಯಮ್ಸನು ಮುಂದೆ ಹತ್ತಿ, ತನ್ನ ಸೊಂಟದ ಪಟ್ಟಿಯನ್ನು ಬಿಚ್ಚಿ ಇಳಿಬಿಟ್ಟು, ಅದನ್ನು ಹಿಡಿದ ಗೆಳೆಯನನ್ನು ಮೇಲಕ್ಕೆಳೆದುಕೊಂಡನು. ಶತಮಾನದ ಬಳಿಕ ಈಸ್ಟರ್ ರಜೆಯಲ್ಲಿ ಇಲ್ಲಿಗೆ ಬಂದು ಬಂಡೆಗಳಲ್ಲಿ ಅಭ್ಯಾಸ ಮಾಡುತ್ತಿದ್ದವರಲ್ಲಿ, ಮುಂದೆ ಎವರೆಸ್ಟಿನಲ್ಲಿ ಕಣ್ಮರೆಯಾದ ಮ್ಯಾಲರಿಯೂ ಒಬ್ಬನು. 1953ರಲ್ಲಿ ಎವರೆಸ್ಟನ್ನು ಗೆದ್ದ ತಂಡದವರು ಹೊರಡುವ ಮುನ್ನ ಇಲ್ಲಿಯೇ ಪಳಗಿ, ಗೆದ್ದ ಮೇಲೆ ಇಲ್ಲಿಗೇ ಬಂದು ಕೂಡುತ್ತಿದ್ದರು. ಪೆನ್-ಅ-ಗೂರಿದ್ ಎಂಬ ಹಳೆಯ ವಸತಿಗೃಹದ ಛಾವಣಿಯ ಮೇಲೆ ಅವರ ಸಹಿಗಳಿವೆ. ಟ್ರಿವಾನ್ ಶಿಖರದ ತುದಿಯಲ್ಲಿ ಆಡಮ್, ಈವ್ ಎಂಬ ಎರಡು ನಿಲುಗಲ್ಲುಗಳಿದ್ದು, ಒಂದರಿಂದ ಮತ್ತೊಂದಕ್ಕೆ ಜಿಗಿದವನು ಆ ಬೆಟ್ಟದ ಸ್ವಾತಂತ್ರ್ಯವನ್ನು ಪಡೆದನೆಂದು ವಾಡಿಕೆ. ನಾನು ಆ ಸ್ವಾತಂತ್ರ್ಯವಿಲ್ಲದೆಯೇ ಇಳಿದು ಬಂದೆನು.

ಟ್ರಿವಾನಿನ ನೆರೆಯ ಕುಮ್ ಇದ್ವಲ್ ಎಂಬ ಬಟ್ಟಲುಗಣಿವೆಗೆ 1831ರಲ್ಲಿ ತರುಣ ಡಾರ್ವಿನ್ ತನ್ನ ಗುರು ಸೆಜ್ವಿಕ್ ಎಂಬ ಭೂವಿಜ್ಞಾನಿಯೊಡನೆ ಬಂದು, ಕಲ್ಲುಗಳಲ್ಲಿ ಸಮುದ್ರಜೀವಿಗಳ ಅವಶೇಷಗಳನ್ನು ಹುಡುಕಿದನು. ಸುತ್ತಲೂ ಹಿಮನದಿಯು ಗೀರಿದ ಬಂಡೆಗಳೂ ಅದು ತಂದು ಚೆಲ್ಲಿದ ಗುಂಡುಗಳೂ ಇದ್ದವು, ಇಬ್ಬರಿಗೂ ಕಾಣಲಿಲ್ಲ. ಹಿಮಯುಗದ ವಾದವು ಪ್ರಚಾರಕ್ಕೆ ಬಂದ ತರುವಾಯ, 1842ರಲ್ಲಿ ಡಾರ್ವಿನ್ ಮತ್ತೆ ಬಂದಾಗ, ಎಲ್ಲವೂ ಕಂಡವು.

ಈ ಸೀಮೆಯ ಸ್ಲೇಟುಗಲ್ಲಿನ ಗಣಿಗಳನ್ನು ಕುರಿತು ಬೇರೆಯೇ ಉಪನ್ಯಾಸ ಬೇಕಾದೀತು. ಬ್ಯಾಂಗರ್ ಪಟ್ಟಣದ ಬಳಿಯ ಪೆನ್ರಿನ್ ಕೋಟೆಯ ಹೆಸರನ್ನು ಮಾತ್ರ ಹೇಳಿ ಮುಂದೆ ಸಾಗುವೆನು. ಹತ್ತೊಂಬತ್ತನೆಯ ಶತಮಾನದಲ್ಲಿ, ಶತ್ರುಗಳೇ ಇಲ್ಲದ ಕಾಲದಲ್ಲಿ, ಜಮೈಕದ ಕಬ್ಬಿನ ತೋಟಗಳ ಗುಲಾಮರ ದುಡಿಮೆಯಿಂದಲೂ ಸ್ಲೇಟುಗಣಿಯಿಂದಲೂ ಬಂದ ಹಣದಲ್ಲಿ ಕಟ್ಟಿದ ಸೋಗಿನ ಕೋಟೆಯದು. 1900ರಿಂದ 1903ರವರೆಗೆ ಆ ಗಣಿಯ ಕಾರ್ಮಿಕರು ಒಡೆಯನೊಡನೆ ಹೂಡಿದ ಹೋರಾಟದ ಕಥೆಯನ್ನು ಬಲ್ಲವರಿಗೆ ಅದರ ಬುರುಜುಗಳು ಯಾರಿಗೆ ಬೆದರಿ ನಿಂತವೆಂಬುದು ತಿಳಿದೀತು.

ಕಡೆಯದಾಗಿ ಪೋವಿಸ್ ಕೋಟೆ. ಇದು ಎರರಿಯಲ್ಲಿಲ್ಲ; ಅಲ್ಲಿಂದ ಆಗ್ನೇಯಕ್ಕೆ, ಸೆವರ್ನ್ ಕಣಿವೆಯ ಅಂಚಿನಲ್ಲಿದೆ. ಕಟ್ಟಿಸಿದವನು ವೇಲ್ಸಿನವನೇ ಆದ ಗ್ರಿಫಿದ್ ಎಂಬ ಒಡೆಯ. ಲುವೆಲಿನನ ವೈರಿ, ಎಡ್ವರ್ಡನ ಪಕ್ಷಪಾತಿ. ಬೆಟ್ಟವನ್ನು ನಂಬಿದವರ ಕೋಟೆಗಳು ವಾಸವಿಲ್ಲದೆ ನಿಂತಿವೆ, ಬೆಟ್ಟಕ್ಕೆ ಬೆದರಿದವರವೂ ಹಾಗೆಯೇ ನಿಂತಿವೆ. ಕಾಲವನ್ನು ನೋಡಿ ಪಕ್ಷ ಹಿಡಿದವನ ಕೋಟೆಯು ಮಾತ್ರ ಇಂದಿಗೂ ರತ್ನಗಂಬಳಿ ಹಾಸಿಕೊಂಡು ವಾಸಯೋಗ್ಯವಾಗಿದೆ. 1587ರಲ್ಲಿ ಅದನ್ನು ಕೊಂಡ ಹರ್ಬರ್ಟ್ ವಂಶದ ಹೆಣ್ಣುಮಗಳಾದ ಹೆನ್ರಿಯೆಟ್ಟಾ, ಪ್ಲಾಸಿ ಯುದ್ಧದ ರಾಬರ್ಟ್ ಕ್ಲೈವನ ಮಗ ಎಡ್ವರ್ಡ್ ಕ್ಲೈವನನ್ನು ಮದುವೆಯಾದಳು. ಈ ಎಡ್ವರ್ಡನು ಮದರಾಸಿನ ಗವರ್ನರನಾಗಿದ್ದಾಗಲೇ, 1799ರ ಮೇ 4ರಂದು, ಶ್ರೀರಂಗಪಟ್ಟಣವು ಬಿದ್ದಿತು, ಟಿಪ್ಪು ಸುಲ್ತಾನನು ಮಡಿದನು. ಟಿಪ್ಪುವಿನ ಸಿಂಹಾಸನದ ಅಂಚಿನಲ್ಲಿದ್ದ, ಚಿನ್ನದ ತಗಡಿಗೆ ರತ್ನಗಳನ್ನು ಕೂರಿಸಿದ ಒಂದು ಹುಲಿಮುಖವೂ, ಹೂಬಳ್ಳಿಗಳನ್ನು ಅಚ್ಚೊತ್ತಿದ ಹತ್ತಿಬಟ್ಟೆಯ ಅವನ ಡೇರೆಯೂ ಪೋವಿಸ್ ಕೋಟೆಗೆ ಬಂದು ಸೇರಿರುವುದು ಹೀಗೆ. ದಂಡಿನ ಬೀಡಿನಲ್ಲಿ ನಿಂತಿದ್ದ ಆ ಡೇರೆಯನ್ನು ಕೋಟೆಯವರು ತೋಟದ ಔತಣಕೂಟಗಳಲ್ಲಿ ಚಪ್ಪರವಾಗಿ ಎತ್ತಿಸುತ್ತಿದ್ದರಂತೆ.

ಹೆನ್ರಿಯೆಟ್ಟಾ ತಾನೂ ಗಟ್ಟಿಯಾದ ಪ್ರಯಾಣಿಕಳು. 1800ನೆಯ ಇಸವಿಯ ಮಾರ್ಚಿಯಲ್ಲಿ ಇಬ್ಬರು ಹೆಣ್ಣುಮಕ್ಕಳನ್ನೂ, ಚಿತ್ರ ಬರೆಯಬಲ್ಲ ಇಟಲಿಯ ಉಪಾಧ್ಯಾಯಿನಿಯನ್ನೂ ಕರೆದುಕೊಂಡು ಮದರಾಸಿನಿಂದ ಹೊರಟು, ಬೆಂಗಳೂರು, ಶ್ರೀರಂಗಪಟ್ಟಣ, ಮೈಸೂರುಗಳನ್ನು ನೋಡಿ, ತಂಜಾವೂರಿನ ಕಡೆಯಿಂದ ಅಕ್ಟೋಬರ್ ವೇಳೆಗೆ ಹಿಂದಿರುಗಿದಳು. ಕಿರಿಯ ಮಗಳಾದ ಷಾರ್ಲಟ್‌ಗೆ ಆಗ 12 ವರ್ಷ. ಆ ಹುಡುಗಿಯು ದಾರಿಯುದ್ದಕ್ಕೂ ದಿನಚರಿ ಬರೆದಳು. ಒಂದು ಗಿರಿದೇಶದ ಕೋಟೆಯಿಂದ ಬಂದ ಮಗುವಿನ ಕಣ್ಣಿಗೆ ನಮ್ಮ ಗಿರಿಗಳೂ ಕೋಟೆಗಳೂ ಹೇಗೆ ಕಂಡವೆಂಬುದನ್ನು ತಿಳಿಯುವ ಕುತೂಹಲವುಳ್ಳ ತರುಣರು ಈ ಸಭೆಯಲ್ಲಿದ್ದರೆ, ಆ ದಿನಚರಿಯನ್ನು ಹುಡುಕಿ ಓದಲಿ ಎಂದು ಬಿನ್ನವಿಸುವೆನು. ಅಲ್ಲಿಗೇ ಹೋಗುವ ಅನುಕೂಲವುಳ್ಳವರು ವೆಲ್ಷ್‌ಪೂಲ್ ಪಟ್ಟಣದಲ್ಲಿ ರೈಲಿನಿಂದಿಳಿದು ನಡೆದೇ ಕೋಟೆಯನ್ನು ಮುಟ್ಟಬಹುದು. ಇಳಿಜಾರಿನಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಅಲ್ಲಿಯ ಉದ್ಯಾನವು ಲೋಕಪ್ರಸಿದ್ಧವಾದುದು. ಅದಕ್ಕೆ ಮೊದಲು ಕಾಲಿಟ್ಟರೆ ಹೊತ್ತೆಲ್ಲ ಅಲ್ಲಿಯೇ ಕಳೆದುಹೋಗುವುದು. ಆದುದರಿಂದ ಕ್ಲೈವ್ ಸಂಗ್ರಹದ ಕೊಠಡಿಯನ್ನು ಮೊದಲು ನೋಡತಕ್ಕದ್ದು.